ಹೆಸರಿಲ್ಲದ ಸುದ್ದಿ

"ನಡಿ ಹೊರಗ! ಇನ್ನೊಂದು ಗಳಿಗಿ ಈ ಹೊಸ್ತಿಲದೊಳಗ ನಿಲ್ಲಬ್ಯಾಡ!"

ಶೆಟ್ಟೆವ್ವನ ದನಿ ಓಣಿಯ ತುದಿಯವರೆಗೂ ಕೇಳಿಸಿತು. ಸೊಸೆಯ ಟ್ರಂಕು ಅಂಗಳದ ಕಲ್ಲಿಗೆ ಬಡಿದು ಬಾಯಿ ತೆರೆಯಿತು. ಎರಡು ಬಿಳಿ ಸೀರೆ, ಒಂದಿಷ್ಟು ಪುಸ್ತಕ, ಸತ್ತ ಮಗ ಮಲ್ಲಣ್ಣನ ಚೌಕಟ್ಟು ಹಾಕಿಸಿದ ಫೋಟೊ ಧೂಳಿನಲ್ಲಿ ಬಿದ್ದವು. ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ ಅಮೋಘಸಿದ್ಧ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಸೇರಿಸಿಕೊಂಡ. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನಿಂತರು.

ಸುಮಿತ್ರಾಬಾಯಿ ಅಳಲಿಲ್ಲ. ಮೊದಲು ಗಂಡನ ಫೋಟೊ ಎತ್ತಿ ಸೆರಗಿನಿಂದ ಒರೆಸಿದಳು. ಆಮೇಲೆ ಅತ್ತೆಯ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಅತ್ತೀ, ನೀವು ನಂಬಿದ್ರೇನ್ರಿ?"

ಶೆಟ್ಟೆವ್ವ ಸೆರಗು ಎಳೆದುಕೊಂಡು ಒಳಗೆ ಸರಿದಳು. ಬಾಗಿಲು ಹಾಕಿಕೊಂಡಳು. ಅಗಳಿ ಹಾಕಿ ಅದಕ್ಕೇ ಬೆನ್ನು ಆನಿಸಿ ಕುಸಿದು ಕುಳಿತಳು. ಹೊರಗೆ ಟ್ರಂಕಿನ ಮುಚ್ಚಳ ಹಾಕಿದ ಸಪ್ಪಳ ಕೇಳಿತು, ದೂರವಾಗುವ ಹೆಜ್ಜೆಯ ಸಪ್ಪಳ ಕೇಳಿತು... ಆ ಹೆಜ್ಜೆ ಒಮ್ಮೆಯೂ ತಡವರಿಸಲಿಲ್ಲ!

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆ ಅದು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಾಯಿ ಕಟ್ಟಿಕೊಂಡಿದ್ದವರೆಲ್ಲ ಒಮ್ಮೆಗೇ ಮಾತಾಡತೊಡಗಿದ್ದರು. ತಾಲೂಕಿಗೊಂದು ವಾರಪತ್ರಿಕೆ ಹುಟ್ಟಿಕೊಂಡಿತ್ತು. ಶೆಟ್ಟೆವ್ವನ ಒಡಹುಟ್ಟಿದ ತಮ್ಮ ಬಸಂತರಾಯನೂ ಬಸವನ ಬಾಗೇವಾಡಿಯಲ್ಲಿ ಒಂದು ಹಳೆಯ ಮುದ್ರಣ ಯಂತ್ರ ಹಾಕಿ ಡೋಣಿ ಹೊಳೆಯ ಹೆಸರಿನಲ್ಲಿ 'ಡೋಣಿ ದನಿ' ಎಂಬ ಪತ್ರಿಕೆ ತೆಗೆದಿದ್ದ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಚಹಾದಂಗಡಿಗಳಲ್ಲೆಲ್ಲ ಅದರದೇ ಮಾತು. ಅಧಿಕಾರಿಗಳು ಅವನಿಗೆ ಅಂಜುತ್ತಿದ್ದರು. ತಮ್ಮನ ಹೆಸರು ಕೇಳಿದರೆ ಶೆಟ್ಟೆವ್ವನ ಎದೆ ಉಬ್ಬುತ್ತಿತ್ತು. ಅಕ್ಷರ ಬಾರದ ಅಕ್ಕನ ತಮ್ಮ ಊರಿಗೆಲ್ಲ ಓದಿಸುವವನಾಗಿದ್ದಾನೆ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದ್ದಳು.

ಸುಮಿತ್ರಾ ಸಿಂದಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಮಲ್ಲಣ್ಣ ಕಾಮಾಲೆಯಾಗಿ ತೀರಿಕೊಂಡಾಗ ಇಂಡಿಯಿಂದ ಅವಳ ತಂದೆತಾಯಿ ಬಂದು ಕರೆದಿದ್ದರು. "ಅತ್ತಿ ಒಬ್ಬಾಕಿ ಆಗ್ತಾರ" ಎಂದಷ್ಟೇ ಹೇಳಿ ಅವಳು ಇಲ್ಲೇ ಉಳಿದಳು. ಓದಿ ನೌಕರಿ ಹಿಡಿದು ಮನೆಯನ್ನು ನಿಲ್ಲಿಸಿದಳು. ಆದರೂ ಶೆಟ್ಟೆವ್ವ ಒಂದು ದಿನವೂ ಬಾಯಿತುಂಬ ಹೊಗಳಿದವಳಲ್ಲ. ಮಗನನ್ನು ಕಳೆದುಕೊಂಡ ದುಃಖವನ್ನು ಸೊಸೆಯ ಮೇಲೆಯೇ ಕಾರುತ್ತಿದ್ದಳು. ಸೊಸೆ ಅದನ್ನೂ ಉಣ್ಣುತ್ತಿದ್ದಳು.

ಆ ವರ್ಷ ಬಸಂತರಾಯನ ಮಗಳು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯಲು ಸಿಂದಗಿಗೇ ಬಂದು ಸೋದರತ್ತೆ ಶೆಟ್ಟೆವ್ವನ ಮನೆಯಲ್ಲೇ ಉಳಿದಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಅವಳು ಸೆರಗಿನಲ್ಲಿ ಚೀಟಿ ಬಚ್ಚಿಟ್ಟುಕೊಂಡು ಬರೆಯುತ್ತಿದ್ದುದನ್ನು ಕಂಡು ಹಿಡಿದವಳು ಆ ಕೋಣೆಯ ಮೇಲ್ವಿಚಾರಣೆಗಿದ್ದ ಸುಮಿತ್ರಾ. ಮನೆಯ ಹುಡುಗಿ ಎಂದು ಕಣ್ಣು ಮುಚ್ಚಲಿಲ್ಲ. ಎಬ್ಬಿಸಿ ಹೊರಗೆ ಕಳಿಸಿದಳು. "ನನ್ನ ಮಗಳ ಮಾನ ಕಳದ್ಲು ಆಕಿ. ನೋಡ್ತಿರು" ಎಂದು ಬಸಂತರಾಯ ಅಕ್ಕನೆದುರು ಹಲ್ಲು ಕಡಿದು ಹೋಗಿದ್ದ. ಎರಡು ವಾರಕ್ಕೆ 'ಡೋಣಿ ದನಿ'ಯ ಮೊದಲ ಪುಟದಲ್ಲಿ ಆ ಸುದ್ದಿ ಬಂತು. ಅಮೋಘಸಿದ್ಧ ಅದನ್ನು ಕಟ್ಟೆಯ ಮೇಲೆ ಕುಳಿತು, ಹೆಂಗಸರೆಲ್ಲ ಕೇಳುವಂತೆ ಓದಿದ್ದ:

'ಸಿಂದಗಿಯ ಹೆಣ್ಣುಮಕ್ಕಳಿಗೆ ನೀತಿ ಬೋಧಿಸುವ ವಿಧವೆ ಶಿಕ್ಷಕಿಯೊಬ್ಬಳು ದೀಪ ಹಚ್ಚುವ ಹೊತ್ತಿಗೆ ಒಬ್ಬ ಬಟ್ಟೆ ವ್ಯಾಪಾರಿಯ ಮನೆಗೆ ಹೋಗಿ ಯಾವ ಪಾಠ ಕಲಿಯುತ್ತಾಳೆ? ಪರರ ಮಕ್ಕಳ ಕಾಪಿ ಹಿಡಿಯುವ ಈ ಪತಿವ್ರತೆಯ ಕಾಪಿ ಹಿಡಿಯುವವರು ಯಾರು? ಪಾಲಕರೇ, ಎಚ್ಚರ!'

ಓದಿ ಮುಗಿಸಿದ ಅಮೋಘಸಿದ್ಧ ಶೆಟ್ಟೆವ್ವನ ಮುಖ ನೋಡಿದ್ದ. ಹೆಂಗಸರೆಲ್ಲ ಅವಳ ಮುಖವನ್ನೇ ನೋಡಿದ್ದರು.

ಆ ಬಟ್ಟೆ ವ್ಯಾಪಾರಿ ಕಾಸಿಂಸಾಬ. ಶೆಟ್ಟೆವ್ವನ ಮದುವೆಯ ಸೀರೆ ಬಂದದ್ದೇ ಅವನ ತಂದೆಯ ಅಂಗಡಿಯಿಂದ. ಅವನ ಮಗಳು ಸಗೀರಾ ಸಣ್ಣಂದಿನ ಜ್ವರದಲ್ಲಿ ಒಂದು ಕಾಲಿನ ಶಕ್ತಿ ಕಳೆದುಕೊಂಡವಳು. ಶಾಲೆಯವರೆಗೆ ನಡೆಯಲಾರಳು. ಆ ಹುಡುಗಿಗೆ ಮನೆಯಲ್ಲೇ ಗಣಿತ ಹೇಳಿಕೊಟ್ಟು ಪರೀಕ್ಷೆಗೆ ಕೂರಿಸಬೇಕೆಂದು ಸುಮಿತ್ರಾ ದಿನಾ ಸಂಜೆ ಹೋಗುತ್ತಿದ್ದಳು. ಇದು ಶೆಟ್ಟೆವ್ವನಿಗೆ ಗೊತ್ತಿರಲಿಲ್ಲವೇ? ಎಷ್ಟೋ ಸಂಜೆ ತಾನೇ ಜೊತೆಗೆ ಹೋಗಿ, ಕಾಸಿಂಸಾಬನ ಹೆಂಡತಿ ರೋಷನಬಿಯ ಜೊತೆ ಪಡಸಾಲೆಯಲ್ಲಿ ಎಲೆ ಅಡಕೆ ಹಾಕಿಕೊಂಡು ಕುಳಿತು ಬಂದಿದ್ದಳಲ್ಲ! ಆ ಹೊತ್ತಿಗೆ ಕಾಸಿಂಸಾಬ ಅಂಗಡಿಯಲ್ಲಿರುತ್ತಿದ್ದ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಟ್ರಂಕು ಎಸೆದಿದ್ದಳು.

ಸುಮಿತ್ರಾ ಇಂಡಿಗೆ ಹೋಗಿರಬಹುದೆಂದು ಶೆಟ್ಟೆವ್ವ ತಿಳಿದಿದ್ದಳು. ಹೋಗಿರಲಿಲ್ಲ. ಮುಖ್ಯಾಧ್ಯಾಪಕಿ ಲಕ್ಕವ್ವ ಶಾಲೆಯ ಹಿಂದಿನ ಖೋಲಿಯೊಂದನ್ನು ಬಿಟ್ಟುಕೊಟ್ಟಿದ್ದಳು. "ಓಡಿ ಹೋದ್ರ ಸುಳ್ಳು ಖರೇ ಆಗತೈತ್ರಿ" ಎಂದಳಂತೆ ಸುಮಿತ್ರಾ. ಆದರೆ ಶಾಲೆಯ ಕಮೀಟಿಯವರು ಸುಮ್ಮನಿರಲಿಲ್ಲ. ಹೆಸರಿಗೆ ಹತ್ತಿದ ಕಲೆ ತೊಳೆಯುವವರೆಗೆ ವರ್ಗಕ್ಕೆ ಕಾಲಿಡಬೇಡ ಎಂದರು. ಅವಳು ನೇರವಾಗಿ ಶ್ರೀಶೈಲಪ್ಪ ವಕೀಲರ ಮನೆಗೆ ಹೋದಳು. 'ಡೋಣಿ ದನಿ'ಯ ಸಂಪಾದಕನ ಮೇಲೆ ಮಾನಹಾನಿಯ ಖಟ್ಲೆ ಹಾಕಿಯೇ ಬಿಟ್ಟಳು!

ಸಿಂದಗಿಯಲ್ಲಿ ಹಿಂದೆಂದೂ ಒಬ್ಬ ಹೆಂಗಸು ಹಾಗೆ ಮಾಡಿದ್ದನ್ನು ಯಾರೂ ಕೇಳಿರಲಿಲ್ಲ. 'ಮಾನ ಹೋತು ಅಂತ ಡಂಗುರ ಹೊಡಿಸಿಕೋತಾಳಲ್ಲ' ಎಂದು ಊರು ನಕ್ಕಿತು. ಶೆಟ್ಟೆವ್ವನಿಗೂ ಮೊದಲು ಹಾಗೇ ಅನಿಸಿತು. ಆದರೆ ಒಂಟಿ ಮನೆಯಲ್ಲಿ ಒಬ್ಬಳಿಗೇ ರೊಟ್ಟಿ ಬಡಿಯುವಾಗ ಕೈ ತಾನಾಗಿಯೇ ನಿಲ್ಲುತ್ತಿತ್ತು. ತನ್ನ ಜೀವಮಾನದಲ್ಲಿ ಎಷ್ಟು ಮಾತು ತಿಂದಿದ್ದಳು ತಾನು! ಗಂಡನ ಮನೆಯವರದು, ಓಣಿಯವರದು... ಒಂದಕ್ಕಾದರೂ 'ಇದು ಸುಳ್ಳು' ಎಂದು ಎದ್ದು ನಿಂತಿದ್ದಳೇ? ಈ ಹುಡುಗಿ ನಿಂತಿದ್ದಾಳೆ!

ಬಸಂತರಾಯ ಬಂದ. ಅಕ್ಕನ ಮುಂದೆ ಕುಳಿತು ನಗುತ್ತ ಹೇಳಿದ:

"ಅಕ್ಕಾ, ನೀ ಏನೂ ಚಿಂತಿ ಮಾಡಬ್ಯಾಡ. ಖಟ್ಲೆ ನಿಲ್ಲಂಗಿಲ್ಲ. ನಾ ಯಾರ ಹೆಸರರೆ ಬರದೇನೇನು? ಹೆಸರ ಇಲ್ಲದ ಮ್ಯಾಲೆ ಯಾರ ಮಾನ ಹೋತು?"

"ಹೆಸರಿಲ್ಲದಿದ್ರೂ ಎಲ್ಲಾರಿಗೂ ತಿಳೀತಲ್ಲೋ ಬಸಂತಾ."

"ತಿಳೀತು ಅಂತ ಕೋರ್ಟಿಗೆ ಬಂದು ಹೇಳವ್ರು ಯಾರು? ನನ್ನ ಪತ್ರಿಕಾಕ್ಕ ಅಂಜಲಾರದವ್ರು ಈ ನಾಕ ತಾಲೂಕಿನ್ಯಾಗ ಯಾರದಾರ?"

ಅವನು ಹೇಳಿದ್ದು ನಿಜ. ಕಟ್ಟೆಯ ಮೇಲೆ ಓದಿದ ಅಮೋಘಸಿದ್ಧ ವಕೀಲರು ಕೇಳಿದಾಗ ಪತ್ರಿಕೆಯನ್ನೇ ನೋಡಿಲ್ಲ ಎಂದ. ಚಹಾದಂಗಡಿಯಲ್ಲಿ ನಕ್ಕವರಿಗೆಲ್ಲ ನೆನಪು ಹಾರಿತು. ಕಮೀಟಿಯವರು ಬಾಯಿಮಾತಿನಲ್ಲಿ ಹೇಳಿದ್ದೆಂದು ಕೈ ಝಾಡಿಸಿದರು. ಕಾಸಿಂಸಾಬ ತಾನು ಬಂದು ಹೇಳುತ್ತೇನೆಂದ. ಆದರೆ ಅವನ ಮಾತನ್ನೇ ತಿರುಚಿ ಕೆಸರೆರಚುತ್ತಾರೆಂದು ವಕೀಲರು ಅನುಮಾನಿಸಿದರು.

ಒಂದು ದಿನ ಮಧ್ಯಾಹ್ನ ರೋಷನಬಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಶೆಟ್ಟೆವ್ವಕ್ಕಾ, ನನ್ನ ಮಗಳು ಪುಸ್ತಕ ಮುಚ್ಚಿಟ್ಟಾಳ. 'ನನಗ ಕಲಿಸಿದ್ದಕ್ಕ ಸುಮಿತ್ರಾ ಅಕ್ಕೋರ ಬಾಳೇವು ಹಾಳಾತು, ನಾ ಪರೀಕ್ಷಾ ಬರ್ಯಾಂಗಿಲ್ಲ' ಅಂತ ಅಳ್ತಾಳ."

"ನಾ ಏನ ಮಾಡ್ಲಿ ರೋಷನಬಿ?"

"ಅಕ್ಕೋರ ಬಗ್ಗೆನ ಬರದದ್ದಂತ ತಿಳಕೊಂಡವ್ರು ಒಬ್ಬರರೆ ಸಾಕ್ಷಿ ಹೇಳಬೇಕಂತ. ಊರೆಲ್ಲಾ ತಿಳಕೊಂಡೈತಿ, ಒಬ್ಬರೂ ಒಪ್ಪವಲ್ರು. ಆದ್ರ ತಿಳಕೊಂಡು, ನಾಕ ಮಂದಿ ಮುಂದ ಎದ್ದ ಕಾಣೂ ಹಂಗ ಮಾಡಿ ತೋರಿಸಿದವ್ರು ನೀವ ಒಬ್ಬರದೀರಿ." ರೋಷನಬಿ ಒಂದು ಹೆಜ್ಜೆ ಹತ್ತಿರ ಬಂದಳು. "ನಾ ಬೈಯಾಕ ಬಂದಿಲ್ಲಕ್ಕಾ. ನಿಮ್ಮ ಕೂಡ ಎಲಿ ಅಡಕಿ ತಿಂದ ಸಲಿಗಿಂದ ಹೇಳಾಕ ಬಂದೇನಿ."

ಅವಳು ಹೋದ ಮೇಲೆ ಶೆಟ್ಟೆವ್ವ ಟ್ರಂಕು ಬಡಿದ ಅಂಗಳದ ಕಲ್ಲಿನ ಮೇಲೆ ಬಂದು ಕುಳಿತಳು.

ಸುಮಿತ್ರಾಳ ಹೇಳಿಕೆಯ ದಿನ ಕೋರ್ಟಿನ ಅಂಗಳ ಜಾತ್ರೆಯಂತೆ ತುಂಬಿತ್ತು. ಶೆಟ್ಟೆವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಯಾರ ಕಣ್ಣಿಗೂ ಬೀಳದಂತೆ ಕಿಟಕಿಯ ಹೊರಗೆ ನಿಂತಳು. ಬಸಂತರಾಯ ಮುದ್ದೇಬಿಹಾಳದಿಂದ ದೊಡ್ಡ ವಕೀಲನನ್ನು ಕರೆಸಿದ್ದ. ಆ ವಕೀಲ ಕೇಳಿದ ಪ್ರಶ್ನೆಗಳು ಪ್ರಶ್ನೆಗಳೇ! ಎಷ್ಟು ಹೊತ್ತಿಗೆ ಹೋಗುತ್ತಿದ್ದಿ, ಯಾವ ಸೀರೆ ಉಟ್ಟು ಹೋಗುತ್ತಿದ್ದಿ, ಬಾಗಿಲು ತೆರೆದಿರುತ್ತಿತ್ತೋ ಮುಚ್ಚಿರುತ್ತಿತ್ತೋ... ಹಿಂದೆ ಕುಳಿತವರು ಕಿಸಕ್ಕನೆ ನಗುತ್ತಿದ್ದರು. ಶೆಟ್ಟೆವ್ವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಸುಮಿತ್ರಾ ಮಾತ್ರ ಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವವಳಂತೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಆ ವಕೀಲ ಮೂದಲಿಸಿದ:

"ಇಷ್ಟ ಮಾನ ಹೋದಾಕಿ ಕಣ್ಣಾಗ ಒಂದ ಹನಿ ನೀರಿಲ್ಲಲ್ಲ ಬಾಯಿ?"

"ನಾ ಅಳಾಕ ಬಂದಿಲ್ರಿ, ಹೇಳಾಕ ಬಂದೇನಿ."

ಮುನಸೀಫ ಸಾಹೇಬರು ಕೂಡ ತಲೆಯೆತ್ತಿ ನೋಡಿದರು. ಕಿಟಕಿಯ ಸರಳು ಹಿಡಿದಿದ್ದ ಶೆಟ್ಟೆವ್ವನ ಕಣ್ಣಿಂದ ಮಾತ್ರ ನೀರು ದಳದಳ ಇಳಿಯಿತು. 'ನನ್ನ ಮಗಾ ಎಂಥಾಕಿನ್ನ ಕಟಗೊಂಡಿದ್ದೋ ಮಲ್ಲಣ್ಣಾ... ಇಂಥಾ ಬಂಗಾರಾನ ನಾ ಧೂಳಿಗೆ ಒಗದೆನಲ್ಲೋ!'

ಅಂದೇ ಅವಳು ಶ್ರೀಶೈಲಪ್ಪ ವಕೀಲರ ಮನೆಯ ಮೆಟ್ಟಿಲು ಹತ್ತಿದಳು. ವಕೀಲರು ಕುಳಿತಲ್ಲಿಂದ ಎದ್ದೇ ನಿಂತರು.

"ನಾ ಸಾಕ್ಷಿ ಹೇಳ್ತೇನ್ರಿ."

"ಶೆಟ್ಟೆವ್ವಾರ, ವಿಚಾರ ಮಾಡಿ ಹೇಳ್ರಿ. ಸಾಕ್ಷಿ ಪಂಜರದಾಗ ನಿಂತ ಮ್ಯಾಲೆ ನೀವು ಮಾಡಿದ್ದೆಲ್ಲಾ ನಿಮ್ಮ ಬಾಯಿಲೇ ಹೇಳಬೇಕಾಗತೈತಿ. ಎದುರಿಗೆ ಕುಂಡ್ರಾವ ನಿಮ್ಮ ತಮ್ಮ."

"ಗೊತ್ತೈತ್ರಿ" ಎಂದಳು. ಸುಮಿತ್ರಾಳಿಗೆ ತಾನಾಗಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಅದನ್ನು ವಕೀಲರಿಗೇ ಬಿಟ್ಟಳು.

ಸುದ್ದಿ ಬಾಗೇವಾಡಿಗೆ ಮುಟ್ಟಲು ತಡವಾಗಲಿಲ್ಲ. ಬಸಂತರಾಯ ಈ ಸಲ ನಗುತ್ತ ಬರಲಿಲ್ಲ. ಚಪ್ಪಲಿ ಕಳೆಯದೆ ಒಳಗೆ ನುಗ್ಗಿದ.

"ಅಕ್ಕಾ, ಒಂದ ಹೊಟ್ಟ್ಯಾಗ ಹುಟ್ಟಿದವರನ್ನ ಬಿಟ್ಟು ಹೊರಗಿಂದ ಬಂದಾಕಿ ಪರ ನಿಲ್ತಿಯೇನು? ಅವ್ವ ಸಾಯೂ ಮುಂದ ನಿನ್ನ ಕೈ ನನ್ನ ಕೈಯಾಗ ಇಟ್ಟಾಳ. ಇವತ್ತಿನ ತನಕಾ ಒಂದ ಹಬ್ಬಕ್ಕ ನಿನ್ನ ಮರ್ತೇನೇನು?"

"ಮರ್ತಿಲ್ಲೋ ತಮ್ಮಾ. ನಿನ್ನ ಋಣಾ ಐತಿ."

"ಹಂಗಾದ್ರ ಸುಮ್ಮನ ಮನ್ಯಾಗ ಕುಂಡ್ರು. ಕೋರ್ಟಿನ ಮೆಟ್ಟಲಾ ಹತ್ತಿದ್ಯೋ, ತವರಮನಿ ಬಾಗಲಾ ಮುಚ್ಚಿತಂತ ತಿಳಕೋ! ನಾ ಸತ್ರೂ ಬರಬ್ಯಾಡ, ನೀ ಸತ್ರೂ ನಾ ಬರಂಗಿಲ್ಲ!"

ಶೆಟ್ಟೆವ್ವ ತಮ್ಮನ ಮುಖ ನೋಡಿದಳು. ಸೊಂಟದ ಮೇಲೆ ಎತ್ತಿಕೊಂಡು ಆಡಿಸಿದ ಕೂಸು ಅದು. ಅವನಿಗೆ ಸಿಡುಬು ಬಂದಾಗ ಇವಳು ಊಟ ಬಿಟ್ಟು ಪಕ್ಕದಲ್ಲಿ ಕುಳಿತಿದ್ದಳು. ಎಡಗಲ್ಲದ ಮೇಲೆ ಇನ್ನೂ ಆ ಕಲೆಗಳಿವೆ...

"ಬಸಂತಾ, ನಿನ್ನ ಮಗಳು ತಪ್ಪ ಮಾಡಿದ್ಲು, ಆಕಿ ಹಿಡಿದ್ಲು. ಆಕಿ ತಪ್ಪ ಮಾಡಿದ್ಲೇನು? ನನ್ನ ತಲಿ ಮ್ಯಾಲೆ ಕೈ ಇಟ್ಟು ಹೇಳು. ಖರೇ ಅಂದ್ರ ನಾ ಕೋರ್ಟಿಗೆ ಹೋಗಂಗಿಲ್ಲ."

ತಲೆಬಾಗಿಸಿ ನಿಂತಳು. ಬಸಂತರಾಯನ ಕೈ ಮೇಲೇಳಲಿಲ್ಲ. ಬಂದ ವೇಗದಲ್ಲೇ ಹೊರಟುಹೋದ.

ಶೆಟ್ಟೆವ್ವ ಸಾಕ್ಷಿಯ ಕಟಕಟೆ ಹತ್ತಿ ನಿಂತಳು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಸೊಸೆ. ಯಾರನ್ನೂ ನೋಡದೆ ಗೋಡೆಯ ಕಡೆ ನೋಡುತ್ತ ನಡೆದದ್ದನ್ನೆಲ್ಲ ಹೇಳಿದಳು. ಅಮೋಘಸಿದ್ಧ ಓದಿದ್ದು, ಹೆಂಗಸರು ನೋಡಿದ್ದು, ತಾನು ಟ್ರಂಕು ಎಸೆದದ್ದು. ಮುದ್ದೇಬಿಹಾಳದ ವಕೀಲ ಎದ್ದ.

"ಅಜ್ಜೀ, ನಿನಗ ಓದಾಕ ಬರತೈತೇನು?"

"ಇಲ್ರಿ."

"ಹಂಗಾದ್ರ ಪತ್ರಿಕಾದಾಗ ನಿನ್ನ ಸೊಸಿ ಹೆಸರು ಐತೋ ಇಲ್ಲೋ ನಿನಗೇನ ಗೊತ್ತು?"

"ಹೆಸರಿಲ್ಲಂತ ಕೇಳೇನ್ರಿ. ಆದ್ರ ಈ ಊರ ಹೆಣ್ಣಮಕ್ಕಳ ಸಾಲ್ಯಾಗ ಗಂಡನ್ನ ಕಳಕೊಂಡ ಅಕ್ಕೋರು ಈಕಿ ಒಬ್ಬಾಕಿ. ಕಾಪಿ ಹಿಡದಾಕಿ ಈಕಿ. ಹಿಡಿಸಿಕೊಂಡಾಕಿ ನನ್ನ ತಮ್ಮನ ಮಗಳು. ಬರದಾವ ನನ್ನ ತಮ್ಮ. ಇಷ್ಟ ಆದ ಮ್ಯಾಲೆ ಹೆಸರ ಬ್ಯಾರೆ ಹಾಕಬೇಕೇನ್ರಿ?"

ಯಾರೋ ನಕ್ಕರು. ವಕೀಲ ನಗಲಿಲ್ಲ. ಹತ್ತಿರ ಬಂದು, ದನಿ ತಗ್ಗಿಸಿ, ಬಲೆ ಬೀಸಿದ:

"ಸೊಸೀನ ಹೊರಗ ಹಾಕಿದಿ ಅಂದ್ರ ಸುದ್ದಿ ಖರೇ ಅಂತ ನಂಬಿದಿ. ಮನ್ಯಾಗಿನಾಕಿ ನೀನ ನಂಬಿದ ಮ್ಯಾಲೆ ಅದು ಸುಳ್ಳು ಹ್ಯಾಂಗಾತು? ಇಲ್ಲಾ, ನಂಬಲಿಲ್ಲ ಅಂತಿಯೇನು? ಯಾರೂ ನಂಬದಿದ್ರ ಮಾನ ಹ್ಯಾಂಗ ಹೋತು?"

ಶ್ರೀಶೈಲಪ್ಪ ವಕೀಲರ ಮುಖ ಕಪ್ಪಿಟ್ಟಿತು. ಶೆಟ್ಟೆವ್ವ ಮೊದಲ ಸಲ ಸೊಸೆಯ ಕಡೆ ತಿರುಗಿದಳು. ಬಾಗಿಲಲ್ಲಿ ನಿಂತು ಆ ಹುಡುಗಿ ಕೇಳಿದ ಪ್ರಶ್ನೆ ಅಂದಿನಿಂದ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಈಗ ಅದಕ್ಕೆ ಉತ್ತರ ಕೊಡಬೇಕಾಗಿತ್ತು.

"ನಂಬಿರಲಿಲ್ರಿ... ಒಂದ ಗಳಿಗೀನೂ ನಂಬಿರಲಿಲ್ಲ! ಆಕಿ ಕೂಡ ನಾನೂ ಆ ಮನೀಗೆ ಹೋಗಿ ಕುಂತ ಬಂದಾಕಿ. ಸುಳ್ಳಂತ ಗೊತ್ತಿದ್ದೂ, ಊರು ಏನಂದೀತು ಅಂತ ಹೆದರಿ, ಮಗಳಂಥಾಕಿನ್ನ ಬೀದಿಗೆ ನೂಕಿದೆ. ಸುಳ್ಳಂತ ಗೊತ್ತಿದ್ದ ಅತ್ತೀನ ಹಿಂಗ ಮಾಡಿದಳಂದ್ರ, ಗೊತ್ತಿಲ್ಲದ ಮಂದಿ ಏನ ಮಾಡಿರಬೇಕ್ರಿ ಸಾಹೇಬ್ರ? ಮಾನ ಹೋಗೂದಂದ್ರ ಇದ ಅಲ್ಲೇನ್ರಿ? ಪಾಪ ನಂದೂ ಐತ್ರಿ. ನನಗೂ ಶಿಕ್ಷಾ ಕೊಡ್ರಿ... ಆದ್ರ ಆಕಿ ಹೆಸರು ತೊಳದು ಕೊಡ್ರಿ!"

ಕೈಮುಗಿದು ನಿಂತ ಮುದುಕಿಯನ್ನು ನೋಡಿ ವಕೀಲ ಕುಳಿತುಬಿಟ್ಟ. ಬಸಂತರಾಯ ತಲೆ ತಗ್ಗಿಸಿದ. ಕಮೀಟಿಯವರು ಬಾಗಿಲ ಕಡೆ ನೋಡತೊಡಗಿದರು. ಒಂದು ಹನಿ ನೀರು ಕಾಣದ ಸುಮಿತ್ರಾಳ ಕಣ್ಣು ಆ ಗಳಿಗೆಯಲ್ಲಿ ತುಂಬಿ ಬಂದವು.

ಕೆಳಗಿಳಿದ ಶೆಟ್ಟೆವ್ವ ಯಾರಿಗೂ ಕಾಯದೆ ಸರಸರ ನಡೆದಳು. ಸೊಸೆಗೆ ಹೇಗೆ ಮುಖ ತೋರಿಸುವುದು? ನಂಬಿ ಹೊರಗೆ ಹಾಕಿದ್ದರೆ ತಿಳಿಗೇಡಿ ಎಂದು ಕ್ಷಮಿಸಬಹುದಿತ್ತು. ನಂಬದೆ ಹಾಕಿದ್ದನ್ನು ಯಾವ ಹೆಣ್ಣು ಕ್ಷಮಿಸಿಯಾಳು? ಮಾರುಕಟ್ಟೆಯ ತಿರುವಿನಲ್ಲಿ ಹಿಂದಿನಿಂದ ಕರೆ ಬಂತು.

"ಅತ್ತೀ, ನಿಲ್ರಿ. ಬಿಸಲಾಗ ಹಂಗ ಓಡ್ತಾರೇನು?"

"ನನ್ನ ಕೂಡ ಮಾತಾಡಬ್ಯಾಡವ್ವಾ. ನಿನ್ನ ಎದುರಿಗೆ ನಿಲ್ಲೂ ಯೋಗ್ಯತಾ ನನಗಿಲ್ಲ."

ಸುಮಿತ್ರಾ ಮುಂದೆ ಬಂದು ಅತ್ತೆಯ ದಾರಿಗೆ ಅಡ್ಡ ನಿಂತಳು. ಆಮೇಲೆ, ಸುಳ್ಳು ಹೇಳಲು ಬಾರದ ತನ್ನ ರೀತಿಯಲ್ಲೇ ಹೇಳಿದಳು:

"ನನ್ನ ಸಿಟ್ಟು ಇನ್ನಾ ಹೋಗಿಲ್ರಿ. ಹೋಗಾಕ ಇನ್ನೂ ಎಷ್ಟ ದಿನಾ ಬೇಕೋ ಗೊತ್ತಿಲ್ಲ. ಆದ್ರ ಹೋಗೂ ತನಕಾ ಬ್ಯಾರೆ ಒಲಿ ಯಾಕ ಹೂಡೂದು? ನಡೀರಿ ಮನೀಗೆ. ಹಸಿವ್ಯಾಗೇತಿ."

ನಡುಬೀದಿಯಲ್ಲಿ ಶೆಟ್ಟೆವ್ವ ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಕೂಸಿನಂತೆ ಅತ್ತಳು. ಊರು ನಿಂತು ನೋಡಿತು. ಅಂದು ಅವಳಿಗೆ ಊರಿನ ಪರಿವೆ ಇರಲಿಲ್ಲ.

ತೀರ್ಪಿಗೆ ಮೊದಲೇ ಬಸಂತರಾಯನ ವಕೀಲ ರಾಜಿಗೆ ಬಂದ. ಒಳಪುಟದ ಮೂಲೆಯಲ್ಲಿ 'ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ' ಎಂದು ಎರಡು ಸಾಲು ಹಾಕುತ್ತೇವೆ ಎಂದ. ಸುಮಿತ್ರಾ ಒಪ್ಪಲಿಲ್ಲ. "ಬಸಂತಮಾವನ್ನ ಜೇಲಿಗೆ ಕಳಸೂ ಆಶಾ ನನಗಿಲ್ರಿ. ಆದ್ರ ಸುಳ್ಳು ಬರೀವಾಗ ಹೆಸರಿರಲಿಲ್ಲ, ಖರೇ ಬರೀವಾಗ ಹೆಸರ ಇರಬೇಕು. ಅದ ಪುಟಾ, ಅದ ಜಾಗಾ, ಅಷ್ಟ ದಪ್ಪ ಅಕ್ಷರ" ಎಂದಳು. ಮುನಸೀಫ ಸಾಹೇಬರು ಅದೇ ಸರಿ ಎಂದರು. ಮುಂದಿನ ವಾರದ 'ಡೋಣಿ ದನಿ'ಯ ಮೊದಲ ಪುಟದಲ್ಲಿ ಸುಮಿತ್ರಾಬಾಯಿಯ ಪೂರ್ತಿ ಹೆಸರು ಹಾಕಿ, ತಾನು ಬರೆದದ್ದು ಶುದ್ಧ ಸುಳ್ಳೆಂದೂ ಕ್ಷಮೆ ಬೇಡುತ್ತೇನೆಂದೂ ಬಸಂತರಾಯ ತನ್ನ ಸಹಿಯೊಡನೆ ಅಚ್ಚು ಹಾಕಿದ. ಕಮೀಟಿಯವರು ತಾವೇ ಬಂದು ಅವಳನ್ನು ಶಾಲೆಗೆ ಕರೆದೊಯ್ದರು. ಸಗೀರಾ ಮುಚ್ಚಿಟ್ಟ ಪುಸ್ತಕ ತೆರೆದಳು. ಮರುವರ್ಷದ ಏಪ್ರಿಲಿನಲ್ಲಿ ಅಪ್ಪನ ತೋಳು ಹಿಡಿದು ಪರೀಕ್ಷೆಯ ಕೋಣೆಗೆ ನಡೆದು ಹೋಗಿ ಬರೆದಳು, ಪಾಸಾದಳು.

ಬಸಂತರಾಯ ಮಾತ್ರ ಆಡಿದ ಮಾತು ಬಿಡಲಿಲ್ಲ. ಶ್ರಾವಣ ಬಂತು, ಪಂಚಮಿ ಹತ್ತಿರವಾಯಿತು. ಓಣಿಯ ಹೆಣ್ಣುಮಕ್ಕಳನ್ನು ಕರೆಯಲು ಅಣ್ಣತಮ್ಮಂದಿರು ಬಂದರು. ಮನೆಮನೆಯಲ್ಲಿ ಶೇಂಗಾ ಉಂಡಿಯ ವಾಸನೆ. ಶೆಟ್ಟೆವ್ವ ಕಟ್ಟೆಯ ಮೇಲೆ ಕುಳಿತು, ಬಾಗೇವಾಡಿ ಬಸ್ಸಿನಿಂದ ಇಳಿದು ಬರುವವರನ್ನು ನೋಡುತ್ತಿದ್ದಳು. ಬರುವುದಿಲ್ಲವೆಂದು ಗೊತ್ತಿದ್ದೂ ಕಣ್ಣು ಅತ್ತಲೇ ಹೋಗುತ್ತಿತ್ತು. ಕೊನೆಯ ಮನುಷ್ಯನೂ ಓಣಿಯೊಳಗೆ ಕರಗಿದ. ಶೆಟ್ಟೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಬಂದಾಗ ಸುಮಿತ್ರಾ ಇಬ್ಬರ ಸೀರೆಗಳನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದಳು.

"ಏಳ್ರಿ ಅತ್ತೀ. ಇಂಡಿ ಬಸ್ಸಿನ ಹೊತ್ತಾತು."

"ನೀ ಹೋಗಿ ಬಾರವ್ವಾ. ನಿಮ್ಮವ್ವ ದಾರಿ ಕಾಯತಿರತಾಳ."

"ನಿಮ್ಮ ದಾರೀನೂ ಕಾಯಾಕತ್ತಾಳ್ರಿ. ನಾ ಹೇಳಿ ಕಳಸೇನಿ. ಈ ಸಲ ಪಂಚಮಿಗೆ ಇಬ್ಬರು ಹೆಣ್ಣಮಕ್ಕಳು ಬರ್ತೇವಿ ಅಂತ."

"ಹುಚ್ಚಿ... ಬೀಗರ ಮನೀಗೆ ಪಂಚಮಿಗೆ ಹೋಗೂದು ಎಲ್ಲೆರೆ ಐತೇನು?"

"ಇರಲಿಲ್ರಿ. ಇನ್ನ ಮ್ಯಾಲೆ ಐತಿ."

ಇಂಡಿ ಬಸ್ಸು ತುಂಬಿ ತುಳುಕುತ್ತಿತ್ತು. ತವರಿಗೆ ಹೊರಟ ಹೆಂಗಸರೇ ಎಲ್ಲ. ಸುಮಿತ್ರಾ ಅತ್ತೆಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟು ತಾನು ಒತ್ತಿ ಕುಳಿತಳು. ಕಂಡಕ್ಟರ್ ಹತ್ತಿರ ಬಂದು ಬಗ್ಗಿದ.

"ಎಲ್ಲಿಗ್ರಿ ಅವ್ವಾರ?"

ಸುಮಿತ್ರಾ ಬಾಯಿ ತೆರೆಯುವುದರೊಳಗೆ ಶೆಟ್ಟೆವ್ವ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಇಂಡಿಗೆ ಎರಡು ಕೊಡಪಾ. ಇಬ್ಬರೂ ತವರಮನೀಗೆ ಹೊಂಟೇವಿ!"